ಕಾರ್ಡು ತಿರುಗಿಸಿ ನೋಡಿ

ಮನೆಯ ಟ್ರಂಕಿನಲ್ಲಿರುವ ಹಳೇ ಫೋಟೋ, ಹಳೇ ಪಿಕ್ಚರ್ ಪೋಸ್ಟ್‌ಕಾರ್ಡುಗಳ ಬಗ್ಗೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಇಷ್ಟೊಂದು ಕಾಗದ ಬರುತ್ತವೆ ಅಂದುಕೊಂಡಿರಲಿಲ್ಲ. 31 ವರ್ಷ ಅಂಚೆ ಇಲಾಖೆಯಲ್ಲಿ ಕಾಗದ ವಿಂಗಡಿಸಿದವಳು ನಾನು. ಈ ಕಟ್ಟು ಬಿಚ್ಚುವಾಗ ಮತ್ತೆ ಡ್ಯೂಟಿಗೆ ಹೋದಷ್ಟು ಖುಷಿಯಾಯಿತು. ಬೆಂಗಳೂರಿನ ಪ್ರಶ್ನೆಗಳೇ ಜಾಸ್ತಿ ಇದ್ದವು. ಹಾಗಾಗಿ ಈ ಸಲ ಅಲ್ಲಿಯ ಮಾತೇ ಹೆಚ್ಚು.

ಪ್ರಶ್ನೆ: ತಾತನ ಪೆಟ್ಟಿಗೆಯಲ್ಲಿ ‘ಸೌತ್ ಪೆರೇಡ್, ಬ್ಯಾಂಗಲೋರ್’ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುವ ಬಣ್ಣದ ಕಾರ್ಡು ಸಿಕ್ಕಿದೆ. ತಾರೀಖು ಇಲ್ಲ. ಸ್ಟಾಂಪನ್ನು ಯಾರೋ ಕಿತ್ತಿದ್ದಾರೆ. ಇದು ಯಾವ ಕಾಲದ್ದು ಅಂತ ತಿಳಿಯುವುದು ಹೇಗೆ? ಎರಡೂ ಬದಿಯ ಫೋಟೋ ಕಳಿಸಿದ್ದೇನೆ. — ಜಯನಗರದಿಂದ ಒಬ್ಬರು

ಉತ್ತರ: ಎರಡೂ ಬದಿ ಕಳಿಸಿದಿರಲ್ಲ, ಅದೇ ದೊಡ್ಡ ಉಪಕಾರ. ಎಲ್ಲರೂ ಚಿತ್ರ ಮಾತ್ರ ಕಳಿಸುತ್ತಾರೆ. ನಾನು ಮೊದಲು ನೋಡೋದು ಹಿಂಬದಿಯನ್ನ.

ನಿಮ್ಮ ಕಾರ್ಡಿನ ಹಿಂದೆ ನಡುವೆ ಒಂದು ಗೆರೆ ಇದೆ. ಒಂದು ಕಡೆ ಬರೆಯೋಕೆ, ಇನ್ನೊಂದು ಕಡೆ ವಿಳಾಸಕ್ಕೆ. ಮೊದಮೊದಲು ಹೀಗಿರಲಿಲ್ಲ. ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲು. ಹೇಳಬೇಕಾದ ಮಾತನ್ನು ಚಿತ್ರದ ಅಂಚಿನಲ್ಲಿ ಇಕ್ಕಟ್ಟಾಗಿ ಗೀಚುತ್ತಿದ್ದರು. ಬ್ರಿಟನ್ನಿನಲ್ಲಿ ಈ ಗೆರೆಗೆ ಒಪ್ಪಿಗೆ ಸಿಕ್ಕಿದ್ದು 1902ರಲ್ಲಿ. ಆಮೇಲೆ ಕೆಲವೇ ವರ್ಷಗಳಲ್ಲಿ ಬೇರೆ ದೇಶಗಳಲ್ಲೂ ಇದೇ ರೂಢಿಯಾಯಿತು. ಇನ್ನು ಕೆಳಗೆ ಸಣ್ಣಕ್ಷರದಲ್ಲಿ ‘ಪ್ರಿಂಟೆಡ್ ಇನ್ ಸ್ಯಾಕ್ಸನಿ’ ಅಂತ ಇದೆ. ಸ್ಯಾಕ್ಸನಿ ಇರುವುದು ಜರ್ಮನಿಯಲ್ಲಿ. ಆಗ ನಮ್ಮೂರಿನ ಎಷ್ಟೋ ಕಾರ್ಡುಗಳು ಅಲ್ಲೇ ಅಚ್ಚಾಗುತ್ತಿದ್ದವು. 1914ರಲ್ಲಿ ಯುದ್ಧ ಶುರುವಾದ ಮೇಲೆ ಆ ದಾರಿ ಮುಚ್ಚಿಹೋಯಿತು. ಹಾಗಾಗಿ ನಿಮ್ಮ ಕಾರ್ಡು ಹೆಚ್ಚುಕಡಿಮೆ 1902ರಿಂದ 1914ರ ನಡುವಿನದು. ಫೋಟೋ ತೆಗೆದದ್ದು ಇನ್ನೂ ಮುಂಚೆ ಇರಬಹುದು. ಒಂದೇ ನೆಗೆಟಿವ್ ಇಟ್ಟುಕೊಂಡು ಪ್ರಕಾಶಕರು ವರ್ಷಗಟ್ಟಲೆ ಕಾರ್ಡು ಹಾಕುತ್ತಿದ್ದರು.

ಈಗ ಚಿತ್ರಕ್ಕೆ ಬನ್ನಿ. ಸೌತ್ ಪೆರೇಡ್ ಅಂದರೆ ಇವತ್ತಿನ ಎಂ.ಜಿ. ರಸ್ತೆ. 1948ರಲ್ಲಿ ಅದಕ್ಕೆ ಮಹಾತ್ಮ ಗಾಂಧಿಯವರ ಹೆಸರನ್ನು ಇಟ್ಟರು. ಪೆರೇಡ್ ಮೈದಾನ ರಸ್ತೆಯ ಉತ್ತರಕ್ಕೆ, ಅಂಗಡಿಸಾಲು ದಕ್ಷಿಣಕ್ಕೆ. ನಿಮ್ಮ ಚಿತ್ರದಲ್ಲಿ ಅಂಗಡಿಗಳು ಬಲಕ್ಕೆ, ಬಯಲು ಎಡಕ್ಕೆ. ಅಂದರೆ ಕ್ಯಾಮೆರಾ ಪೂರ್ವಕ್ಕೆ ಮುಖ ಮಾಡಿದೆ. ರಸ್ತೆಯ ಕೊನೆಯಲ್ಲಿ ಮಸುಕಾಗಿ ಒಂದು ಗೋಪುರ ಕಾಣುತ್ತದೆ ನೋಡಿ, ಅದು ಟ್ರಿನಿಟಿ ಚರ್ಚು. ಇವತ್ತಿಗೂ ಅಲ್ಲೇ ಇದೆ. ಜಟಕಾದ ನೆರಳು ನಮ್ಮ ಕಡೆಗೆ ಬಿದ್ದಿದೆ. ಬಿಸಿಲು ಎದುರಿನಿಂದ, ಪೂರ್ವದಿಂದ ಬರುತ್ತಿದೆ. ಹಾಗಾಗಿ ಇದು ಬೆಳಗಿನ ಹೊತ್ತು. ಹೀಗೆ ದಿಕ್ಕು ಹಿಡಿಯೋದರಿಂದ ಇನ್ನೊಂದು ಉಪಯೋಗ ಇದೆ. ಆಗಿನ ಗಾಜಿನ ನೆಗೆಟಿವನ್ನು ಅಚ್ಚಿನವರು ಅಪ್ಪಿತಪ್ಪಿ ತಿರುಗಿಸಿ ಹಾಕಿಬಿಟ್ಟರೆ ಎಡ ಬಲವಾಗಿ ಊರೇ ಉಲ್ಟಾ ಆಗುತ್ತದೆ. ಅಂಥ ಕಾರ್ಡು ನಾನು ನೋಡಿದ್ದೇನೆ. ಅಂಗಡಿಯ ಬೋರ್ಡನ್ನು ಕನ್ನಡಿಯಲ್ಲಿ ಹಿಡಿದೇ ಓದಬೇಕಾಯಿತು.

ರಸ್ತೆ ಬದಿಯಲ್ಲಿ ವಿದ್ಯುತ್ ಕಂಬ ಕಾಣುವುದಿಲ್ಲ. ಬೆಂಗಳೂರಿಗೆ ಶಿವನಸಮುದ್ರದಿಂದ ಕರೆಂಟ್ ಬಂದು ಬೀದಿದೀಪ ಹತ್ತಿದ್ದು 1905ರ ಆಗಸ್ಟಿನಲ್ಲಿ, ಅದೂ ಮೊದಲು ಹಳೇ ಊರಾದ ಪೇಟೆ ಕಡೆಗೆ. ಕಂಬ ಇದ್ದಿದ್ದರೆ 1905ರ ನಂತರದ್ದು ಅಂತ ಧೈರ್ಯವಾಗಿ ಹೇಳಬಹುದಿತ್ತು. ಇಲ್ಲದಿದ್ದರೆ ಅಷ್ಟು ಸುಲಭ ಅಲ್ಲ, ಕಂಬ ಚೌಕಟ್ಟಿನ ಆಚೆ ಇದ್ದಿರಬಹುದು. ಇದೇ ರಸ್ತೆಯ ಪಶ್ಚಿಮ ತುದಿಯ ಕಾರ್ಡು ಯಾರ ಹತ್ತಿರವಾದರೂ ಇದ್ದರೆ ವಿಕ್ಟೋರಿಯಾ ರಾಣಿಯ ಪ್ರತಿಮೆ ಇದೆಯಾ ನೋಡಿ. ಅದು ನಿಂತದ್ದು 1906ರ ಫೆಬ್ರವರಿಯಲ್ಲಿ.

ಬಣ್ಣ ಮಾತ್ರ ನಂಬಬೇಡಿ. ಫೋಟೋ ಕಪ್ಪುಬಿಳುಪು, ಬಣ್ಣ ಹಾಕಿದ್ದು ಅಚ್ಚಿನ ಮನೆಯವರು. ಬೆಂಗಳೂರನ್ನು ಅವರು ಕಣ್ಣಲ್ಲೂ ನೋಡಿರಲಿಲ್ಲ. ಚಿತ್ರದಲ್ಲಿರುವ ಹೆಂಗಸಿನ ಸೀರೆ ನಿಜಕ್ಕೂ ಕೆಂಪಾಗಿತ್ತಾ ಅಂತ ಯಾರೂ ಹೇಳಲಾರರು.

ಇನ್ನು ಸ್ಟಾಂಪ್ ವಿಷಯ. ಅದನ್ನು ಕಿತ್ತವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಆದರೂ ಠಸ್ಸೆಯ ಅರ್ಧ ಕಾರ್ಡಿನ ಮೇಲೆ ಉಳಿದಿದೆ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಕಾರ್ಡಿಗೆ ತಾಗುವ ಹಾಗೆ ಅಡ್ಡಲಾಗಿ ಹಿಡಿಯಿರಿ. ಶಾಯಿ ಮಾಸಿದ್ದರೂ ಠಸ್ಸೆ ಒತ್ತಿದ ಗುರುತು ಕಾಗದದಲ್ಲಿ ತಗ್ಗಾಗಿ ಉಳಿದಿರುತ್ತದೆ. ಇಸವಿಯ ಎರಡು ಅಂಕಿ ಸಿಕ್ಕರೆ ಸಾಕು.

ಹಿಂದೆ ಪೆನ್ಸಿಲಿನಲ್ಲಿ ನಾಲ್ಕು ಸಾಲು ಕನ್ನಡ ಇದೆ ಅಂತ ನೀವು ಬರೆದೇ ಇಲ್ಲ! ಭೂತಗನ್ನಡಿ ಹಿಡಿದು ಓದಿದೆ. ‘ಉಭಯ ಕುಶಲೋಪರಿ ಸಾಂಪ್ರತ. ಶನಿವಾರದ ರೈಲಿಗೆ ಹೊರಟು ಬರುತ್ತೇನೆ. ಸ್ಟೇಷನ್ನಿಗೆ ಗಾಡಿ ಕಳಿಸಬೇಕಾಗಿ ಕೋರುತ್ತೇನೆ.’ ವಿಳಾಸ ತುಮಕೂರಿನದು. ಎದುರಿಗೆ ಸಾಹೇಬರ ಸೌತ್ ಪೆರೇಡ್, ಬೆನ್ನಿಗೆ ಎತ್ತಿನಗಾಡಿಯ ಮಾತು. ಬರೆದದ್ದು ಯಾರು ಅಂತ ಮನೆಯ ಹಿರಿಯರನ್ನು ಇವತ್ತೇ ಕೇಳಿ.

ಉಳಿದವರಿಗೂ ಉಪಯೋಗವಾಗಲಿ ಅಂತ ಅಂಚೆಯವರ ಲೆಕ್ಕ ಒಂದಿಷ್ಟು ಹೇಳುತ್ತೇನೆ. ಸರ್ಕಾರಿ ಪೋಸ್ಟ್‌ಕಾರ್ಡು ನಮ್ಮಲ್ಲಿ ಶುರುವಾದದ್ದು 1879ರ ಜುಲೈ 1ರಂದು, ಬೆಲೆ ಕಾಲಾಣೆ. ಸ್ಟಾಂಪಿನ ಬೆಲೆ ಆಣೆಯಲ್ಲಿದ್ದರೆ ಅದು ಅಚ್ಚಾದದ್ದು 1957ಕ್ಕೆ ಮುಂಚೆ. ಆ ಏಪ್ರಿಲಿನಲ್ಲಿ ನಯಾ ಪೈಸೆ ಬಂತು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಅಂತ ಬರೆದಿದ್ದರೆ ಸಾಮಾನ್ಯವಾಗಿ 1973ರ ನವೆಂಬರಿಗೆ ಮುಂಚೆ. ಸಾಮಾನ್ಯವಾಗಿ ಅಂದೆ ಯಾಕೆಂದರೆ, ಕರ್ನಾಟಕ ಅಂತ ಆದಮೇಲೂ ಎಷ್ಟೋ ವರ್ಷ ಹಳೇ ಹೆಸರೇ ಬರೆದ ಕಾಗದಗಳನ್ನು ನಾನೇ ವಿಂಗಡಿಸಿದ್ದೇನೆ.

ಪ್ರಶ್ನೆ: ಹಳೇ ಬೆಂಗಳೂರಿನ ಫೋಟೋಗಳಲ್ಲಿ ರಸ್ತೆಗಳು ಖಾಲಿ ಖಾಲಿ. ಆಗ ಊರಲ್ಲಿ ಅಷ್ಟು ಕಡಿಮೆ ಜನ ಇದ್ದರಾ? ಎಷ್ಟು ಶಾಂತವಾಗಿತ್ತು ಅಲ್ವಾ? — ದಾವಣಗೆರೆಯಿಂದ

ಉತ್ತರ: ಜನ ಇದ್ದರು. ಕ್ಯಾಮೆರಾಕ್ಕೆ ಸಿಗಲಿಲ್ಲ.

ತೀರಾ ಹಳೇ ಫೋಟೋಗಳಿಗೆ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕಿತ್ತು. ಸೇನೆಯಲ್ಲಿದ್ದ ಲಿನಿಯಸ್ ಟ್ರೈಪ್ ಅನ್ನುವವರು 1854ರಲ್ಲಿ ಬೇಲೂರು, ಹಳೇಬೀಡಿನ ಫೋಟೋ ತೆಗೆದರು. ದೇವಸ್ಥಾನ ಕದಲುವುದಿಲ್ಲ, ಚೆನ್ನಾಗಿ ಬಂತು. ಬೀದಿಯಲ್ಲಿ ನಡೆದುಹೋಗುವವರು ಕದಲುತ್ತಾರೆ. ಅವರು ಹೊಗೆಯ ಗೀಟಿನ ಹಾಗೆ ಬೀಳುತ್ತಿದ್ದರು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಅಂಥ ಫೋಟೋ ಸಿಕ್ಕರೆ ನೆಲದ ಹತ್ತಿರ ದಿಟ್ಟಿಸಿ ನೋಡಿ. ಮಸುಕು ಮಸುಕಾದ ಒಂದು ಪಟ್ಟಿ ಕಂಡರೆ ಅದು ಬಹುಶಃ ನಡೆದುಹೋದ ಮನುಷ್ಯ. ಕಾಲು ಊರಿದ್ದ ಕಡೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಮೂಡಿರುತ್ತದೆ.

ಕಾರ್ಡುಗಳ ಕಾಲಕ್ಕೆ ಕ್ಯಾಮೆರಾ ಚುರುಕಾಗಿತ್ತು. ಅಲ್ಲಿ ಕಾರಣ ಬೇರೆ. ಕಾರ್ಡು ಕೊಳ್ಳುವವರಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ, ಬಿಳಿಯರೇ ಜಾಸ್ತಿ. ಅವರಿಗೆ ಬೇಕಾದದ್ದು ಚರ್ಚು, ಪಾರ್ಕು, ಅಗಲ ರಸ್ತೆ. ಕಾರ್ಡಾದದ್ದೂ ಅವೇ. ದೊಡ್ಡಪೇಟೆಯ ಗದ್ದಲ, ತರಗುಪೇಟೆಯ ಮೂಟೆಗಳು ಅಷ್ಟಾಗಿ ಕಾರ್ಡಾಗಲಿಲ್ಲ. 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಾದ ಮನೆಗಳನ್ನು ಎಷ್ಟೋ ಕಡೆ ಕೆಡವಿದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೂ ಆ ಹೊತ್ತಿನಲ್ಲೇ. ಆ ಮನೆಗಳಲ್ಲಿ ಎಷ್ಟೋ ಒಂದು ಫೋಟೋವನ್ನೂ ಬಿಡದೆ ಹೋದವು. ಶಾಂತವಾದ ಬೆಂಗಳೂರು ಅಂತ ನಾವು ಅಂದುಕೊಂಡಿರುವುದು ಊರಿನ ಒಂದು ಭಾಗ ಮಾತ್ರ.

ಅದಕ್ಕೇ ನಾನು ಹೇಳೋದು, ಚಿತ್ರದ ನಡುವನ್ನು ಬಿಟ್ಟು ಅಂಚನ್ನು ನೋಡಿ ಅಂತ. ನನ್ನ ತವರು ಕಾಟನ್‌ಪೇಟೆ. ನಮ್ಮ ಬೀದಿಯದು ಅಂತ ಇರುವುದು ಒಂದೇ ಫೋಟೋ, ನಮ್ಮ ಮಾವನ ಮದುವೆಯ ದಿಬ್ಬಣದ್ದು. ಮಾವನ ಹೆಗಲ ಹಿಂದೆ, ಅಂಗೈಯಗಲದ ಜಾಗದಲ್ಲಿ, ಪಕ್ಕದ ಮನೆಯ ಜಗಲಿ ಕಾಣುತ್ತದೆ. ಜಗಲಿಯ ಮೇಲೆ ಬೀಸೋ ಕಲ್ಲು. ಗೂಟ ಹಿಡಿದ ಒಂದು ಕೈ, ಕೈಯಲ್ಲಿ ಎರಡು ಬಳೆ. ಮುಖ ಚೌಕಟ್ಟಿನ ಆಚೆ. ಫೋಟೋದವನು ಅವಳನ್ನು ಹಿಡಿಯೋಕೆ ಬಂದಿರಲಿಲ್ಲ. ಬೀದಿಯೆಲ್ಲ ದಿಬ್ಬಣ ನೋಡುತ್ತಿದ್ದಾಗ ಅವಳು ಹಿಟ್ಟು ಬೀಸುತ್ತಿದ್ದಳು. ಆ ಮನೆ ಈಗಿಲ್ಲ, ಬೀದಿಯ ಅಗಲವೂ ಮೊದಲಿನ ಹಾಗಿಲ್ಲ. ಮದುವೆ ಗಂಡಿಗಿಂತ ಆ ಕೈಯನ್ನೇ ನಾನು ಹೆಚ್ಚು ಸಲ ನೋಡಿದ್ದೇನೆ.

ಪ್ರಶ್ನೆ: ಕಾರ್ಪೊರೇಷನ್ ಹತ್ತಿರ ಎತ್ತರದ ಒಂದು ಕಂಬ ಇತ್ತು ಅಂತ ನಮ್ಮ ತಂದೆ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ನಂಬುವುದಿಲ್ಲ. — ಚಾಮರಾಜಪೇಟೆಯಿಂದ

ಉತ್ತರ: ನಿಮ್ಮ ತಂದೆ ಹೇಳಿದ್ದು ನಿಜ. ಸೆನೋಟಾಫ್ ಅನ್ನುತ್ತಿದ್ದರು. ಇವತ್ತಿನ ನೃಪತುಂಗ ರಸ್ತೆಯ ಹಳೇ ಹೆಸರೇ ಸೆನೋಟಾಫ್ ರಸ್ತೆ. 1791ರ ಮಾರ್ಚಿನಲ್ಲಿ ಟಿಪ್ಪು ಸುಲ್ತಾನನ ಮೇಲಿನ ಯುದ್ಧದಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೇನೆ ಬೆಂಗಳೂರಿನ ಪೇಟೆಗೂ ಕೋಟೆಗೂ ನುಗ್ಗಿತಲ್ಲ, ಆಗ ಸತ್ತ ಬ್ರಿಟಿಷರ ನೆನಪಿಗೆ ನಿಲ್ಲಿಸಿದ್ದು. 1964ರಲ್ಲಿ ಅದನ್ನು ಕೆಡವಿದರು. ಅದು ಬೇಡ ಅಂತ ಕನ್ನಡ ಹೋರಾಟಗಾರರು ಒತ್ತಾಯಿಸಿದ್ದರು. ಹಳೇ ಕಾರ್ಡುಗಳಲ್ಲಿ ಕಂಬ ಇದೆ. ಕಂಬದ ಜೊತೆ ಹಡ್ಸನ್ ಚರ್ಚೂ ಕಂಡರೆ ಆ ಫೋಟೋ 1904ರಿಂದ 1964ರ ನಡುವಿನದು, ಚರ್ಚು ಕಟ್ಟಿದ್ದು 1904ರಲ್ಲಿ.

ಆ ಮುತ್ತಿಗೆಯಲ್ಲಿ ಕೋಟೆ ಕಾಯುತ್ತಿದ್ದ ಮುಖ್ಯಸ್ಥ, ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತಲೇ ಸತ್ತರು. ಅವರ ಜೊತೆ ಸತ್ತ ನಮ್ಮೂರಿನವರಿಗಾಗಿ ನಿಲ್ಲಿಸಿದ ಕಂಬ ಅದಾಗಿರಲಿಲ್ಲ. ಹಾಗಾಗಿ ಅದು ಹೋಯಿತು ಅಂತ ನನಗೆ ದುಃಖ ಇಲ್ಲ. ಆದರೆ ಇತ್ತು ಅನ್ನುವುದು ಮರೆಯಬಾರದು. ಕಾರ್ಡು ಸಿಕ್ಕಿದರೆ ತಂದೆಯವರ ಹೆಸರಲ್ಲೇ ಒಂದು ಪ್ರತಿ ಮಾಡಿಸಿ, ನಂಬದವರ ಕೈಗೆ ಕೊಡಿ.

ಪ್ರಶ್ನೆ: ‘ದಿ ಪ್ಯಾಲೇಸ್, ಮೈಸೂರ್’ ಅಂತ ಕಾರ್ಡು. ಆದರೆ ಚಿತ್ರ ನಮ್ಮ ಅರಮನೆಯ ಹಾಗಿಲ್ಲ. ತಪ್ಪು ಅಚ್ಚಾಗಿದೆಯಾ? — ಮೈಸೂರಿನಿಂದ

ಉತ್ತರ: ಬಂಗಾರದ ಗುಮ್ಮಟ ಇಲ್ಲದೆ ಮರದ ಕಂಬಗಳ ಮುಂಭಾಗ ಇದ್ದರೆ ಅದು ಹಳೇ ಅರಮನೆ ಇರಬೇಕು. 1897ರಲ್ಲಿ ರಾಜಕುಮಾರಿಯ ಮದುವೆ ಸಮಯದಲ್ಲಿ ಬೆಂಕಿ ಬಿದ್ದು ಸುಟ್ಟುಹೋಯಿತು. ಈಗಿನದು ಹೆನ್ರಿ ಇರ್ವಿನ್ ನಕ್ಷೆಯಂತೆ ಎದ್ದು, ಮುಗಿದದ್ದು 1912ರಲ್ಲಿ. ಹಾಗಾದರೆ ನಿಮ್ಮ ಕೈಲಿರುವ ಫೋಟೋ ತೆಗೆದದ್ದು ಬೆಂಕಿಗೆ ಮುಂಚೆ. ಜೋಪಾನ.

ಪ್ರಶ್ನೆ: ಹಳೇ ಫೋಟೋಗಳಿಗೆ ಬೂಷ್ಟು ಹಿಡಿಯುತ್ತಿದೆ. ಲ್ಯಾಮಿನೇಷನ್ ಮಾಡಿಸಲಾ? — ತೀರ್ಥಹಳ್ಳಿಯಿಂದ

ಉತ್ತರ: ದಯವಿಟ್ಟು ಬೇಡ. ಕೈಮುಗಿದು ಕೇಳುತ್ತೇನೆ. ನಮ್ಮ ಅಪ್ಪ ಅಮ್ಮನ ಮದುವೆ ಫೋಟೋವನ್ನು ಒಂದು ಅಂಗಡಿಗೆ ಕೊಟ್ಟಿದ್ದೆ, ಫ್ರೇಮ್ ಹಾಕಿಕೊಡಿ ಅಂತ. ಚೆನ್ನಾಗಿರುತ್ತೆ ಅಂತ ಅವರೇ ಲ್ಯಾಮಿನೇಟ್ ಮಾಡಿಬಿಟ್ಟರು. ಎರಡು ಮಳೆಗಾಲ ಕಳೆಯೋದರಲ್ಲಿ ಒಳಗೆ ಗುಳ್ಳೆ ಎದ್ದು, ಅಮ್ಮನ ಮುಖದ ಅರ್ಧ ಪ್ಲಾಸ್ಟಿಕ್ಕಿಗೆ ಅಂಟಿಕೊಂಡಿತು. ಬಿಡಿಸೋಕೆ ಆಗಲಿಲ್ಲ. ಬೇರೆ ಪ್ರತಿ ಇಲ್ಲ.

ನಿಮ್ಮ ಕಡೆ ಮಳೆ ಜಾಸ್ತಿ. ಬಿಸಿಲಿರುವ ದಿನ, ನೆರಳಿನಲ್ಲಿ ಗಾಳಿಗೆ ಹರಡಿ. ಒಣಗಿದ ಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಮನೆಯ ಹೊರಗೆ ಮೆಲ್ಲಗೆ ಸವರಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ. ಅಂಟುಹಾಳೆಯ ಆಲ್ಬಮ್ ಬಿಡಿ. ಫೋಟೋಗಳ ನಡುವೆ ಬಟರ್ ಪೇಪರ್ ಹಾಕಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಗೋಡೆಗೆ ತಾಗದ ಬೀರುವಿನಲ್ಲಿ ಇಡಿ. ಹೆಸರು, ಊರು ಬರೆಯುವುದಾದರೆ ಹಿಂದೆ, ಪೆನ್ಸಿಲಿನಲ್ಲಿ, ಒತ್ತದೆ.

ಪ್ರಶ್ನೆ: ಒಂದು ಕಾರ್ಡಿಗೆ ಎಷ್ಟು ಬೆಲೆ ಬರಬಹುದು? — ಹೆಸರು ಬೇಡ ಅಂದಿದ್ದಾರೆ

ಉತ್ತರ: ಬೆಲೆ ಕಟ್ಟುವ ಕೆಲಸ ನಾನು ಮಾಡುವುದಿಲ್ಲ. ಮಾರಲೇಬೇಕಾದ ಕಷ್ಟ ಇದ್ದರೆ ಮಾರಿ, ತಪ್ಪೇನಿಲ್ಲ. ಅದಕ್ಕೆ ಮೊದಲು ಎರಡೂ ಬದಿಯನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ನಾನಿರುವುದು ಜರ್ಮನಿಯಲ್ಲಿ, ಊರು ಮಂಗಳೂರು. ನಮ್ಮೂರಿನ ಹಳೇ ಫೋಟೋ ಇಲ್ಲಿಂದ ನೋಡೋಕೆ ಸಾಧ್ಯವಾ? — ಸ್ಟುಟ್‌ಗಾರ್ಟ್‌ನಿಂದ

ಉತ್ತರ: ನೀವು ಸರಿಯಾದ ಜಾಗಕ್ಕೆ ಹತ್ತಿರದಲ್ಲೇ ಇದ್ದೀರಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. ಅಚ್ಚುಕೂಟ, ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಎಲ್ಲ ಶುರುಮಾಡಿದರು. ಅವರ ಫೋಟೋ ಸಂಗ್ರಹ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದೆ, ಬಹಳಷ್ಟನ್ನು ಇಂಟರ್‌ನೆಟ್ಟಿಗೂ ಹಾಕಿದ್ದಾರೆ. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಕೊಡಗು ಎಲ್ಲ ಇವೆ. ಹುಡುಕುವಾಗ ಊರಿನ ಹೆಸರನ್ನು ಹಳೇ ಇಂಗ್ಲಿಷ್, ಜರ್ಮನ್ ಕಾಗುಣಿತಗಳಲ್ಲೂ ಹಾಕಿ ನೋಡಿ. ಈಗಿನ ಕಾಗುಣಿತಕ್ಕೆ ಎಷ್ಟೋ ಚಿತ್ರ ಸಿಗುವುದಿಲ್ಲ. ಊರಿಗೆ ಬಂದಾಗ ನಾಲ್ಕು ಪ್ರಿಂಟ್ ತಂದು ಹಿರಿಯರ ಮುಂದೆ ಇಡಿ. ಅಡಿಬರಹದಲ್ಲಿ ‘ಕೆಲಸಗಾರರು’ ಅಂತ ಮಾತ್ರ ಇರುವ ಕಡೆ ಅವರು ಮುಖ ಗುರುತಿಸಿ ಮನೆತನ ಹೇಳಲೂಬಹುದು.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ನಮ್ಮ ಏರಿಯಾದಲ್ಲಿ ದೊಡ್ಡ ಕೆರೆ ಇತ್ತಂತೆ. ಅಜ್ಜಿಯ ಅಮ್ಮ ಅಲ್ಲಿಂದ ನೀರು ತರ್ತಿದ್ದರಂತೆ. ಪ್ರಾಜೆಕ್ಟಿಗೆ ಅದರ ಫೋಟೋ ಬೇಕು, ಎಲ್ಲಿ ಸಿಗುತ್ತೆ ಆಂಟಿ? — ಸಂಪಂಗಿರಾಮನಗರದಿಂದ

ಉತ್ತರ: ಮಗೂ, ನಿನ್ನ ಕಾಗದವನ್ನು ಮೂರು ಸಲ ಓದಿದೆ. ಈಗ ಕಂಠೀರವ ಸ್ಟೇಡಿಯಂ ಇದೆಯಲ್ಲ, ಅದೇ ಸಂಪಂಗಿ ಕೆರೆಯ ಅಂಗಳ. ನಿಮ್ಮ ಏರಿಯಾಕ್ಕೆ ಹೆಸರು ಬಂದದ್ದೂ ಅದರಿಂದಲೇ.

ಕೆರೆ ಒಂದೇ ದಿನಕ್ಕೆ ಹೋಗಲಿಲ್ಲ. 1894ರಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ಕುಡಿಯುವ ನೀರಿಗೆ ಕೆರೆಯೇ ಗತಿ ಅನ್ನುವುದು ಕಡಿಮೆಯಾಯಿತು. ಸುತ್ತ ತಿಗಳರ ತೋಟಗಳಿದ್ದವು, ಹೂವು, ತರಕಾರಿ ಬೆಳೆಯುತ್ತಿದ್ದರು, ಅವರಿಗೆ ಕೆರೆ ತುಂಬಿರಬೇಕು. ಅಂಗಳದಲ್ಲಿ ಪೋಲೋ ಆಡುವ ಸಾಹೇಬರಿಗೆ ಒಣಗಿರಬೇಕು. ಯಾರ ಮಾತು ನಡೆಯಿತು ಅಂತ ನೀನೇ ನೋಡುತ್ತಿದ್ದೀಯ. 1930ರ ದಶಕದ ಕೊನೆಯ ಹೊತ್ತಿಗೆ ಉಳಿದದ್ದು ಒಂದು ಚೌಕದ ಕುಂಟೆ ಮಾತ್ರ. ಅದನ್ನು ಉಳಿಸಿದ್ದು ಕರಗ, ಆ ಹಬ್ಬದ ಪೂಜೆಗೆ ಅದು ಬೇಕು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನ ಜಾಗದಲ್ಲಿದ್ದ ಧರ್ಮಾಂಬುಧಿ ಕೆರೆಗೆ ಅಷ್ಟೂ ಉಳಿಯಲಿಲ್ಲ.

ಕೆರೆಗಳ ಕಾರ್ಡು ಚರ್ಚಿನ ಕಾರ್ಡಿನ ಹಾಗೆ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ‘ಸಂಪಂಗಿ ಟ್ಯಾಂಕ್’ ಅಂತ ಮಾತ್ರ ಹುಡುಕಬೇಡ. ಕಬ್ಬನ್ ಪಾರ್ಕ್, ಅಠಾರಾ ಕಚೇರಿಯ (ಈಗಿನ ಹೈಕೋರ್ಟ್ ಕಟ್ಟಡ) ಸುತ್ತಮುತ್ತಲಿನ ಹಳೇ ನೋಟಗಳನ್ನು ತೆಗೆದು, ಮೂಲೆಗಳಲ್ಲಿ ನೀರಿನ ಹೊಳಪು ಇದೆಯಾ ನೋಡು. ನನ್ನ ಹತ್ತಿರ ಅಂಥ ಒಂದು ಕಾರ್ಡು ಇದೆ. ಹೆಸರು ಪಾರ್ಕಿನದು, ಚಿತ್ರ ಮರಗಳದು. ಎಡಗಡೆ ಕೆಳಗೆ, ಉಗುರಿನಷ್ಟು ಜಾಗದಲ್ಲಿ, ಬೆಳ್ಳಗೆ ಒಂದು ಗೀರು ಇದೆ. ಭೂತಗನ್ನಡಿಯಲ್ಲಿ ನೋಡಿದರೆ ಗೀರಿನ ಪಕ್ಕ ಬಗ್ಗಿದ ಇಬ್ಬರು, ಒಬ್ಬರ ಸೊಂಟದಲ್ಲಿ ಬಿಂದಿಗೆ. ಅಮ್ಮನ ಜೊತೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಲೈಬ್ರರಿಗೂ ಹೋಗಿ ಹಳೇ ನಕ್ಷೆ ಇದ್ದರೆ ತೋರಿಸಿ ಅಂತ ಕೇಳು. ನಕ್ಷೆಯಲ್ಲಿ ಕೆರೆಯ ಏರಿ ಯಾವ ಕಡೆ ಅಂತ ಗೊತ್ತಾದರೆ ಫೋಟೋದ ಮೂಲೆ ಗುರುತಿಸೋದು ಸುಲಭ.

ನಿನ್ನ ಪ್ರಾಜೆಕ್ಟಿಗೆ ಬೇಕಾದ ಬೇರೆ ಯಾರ ಹತ್ತಿರವೂ ಇಲ್ಲದ ಒಂದು ವಿಷಯ ನಿನ್ನ ಅಜ್ಜಿಯ ಹತ್ತಿರ ಇದೆ. ಕರಗದ ಸಮಯದಲ್ಲಿ ಅಜ್ಜಿಯನ್ನು ಕುಂಟೆಯ ಹತ್ತಿರ ಕರೆದುಕೊಂಡು ಹೋಗು. ಅವರಮ್ಮ ಯಾವ ಕಡೆಯಿಂದ ನೀರಿಗೆ ಇಳಿಯುತ್ತಿದ್ದರು, ಕೊಡ ಮಣ್ಣಿನದೋ ತಾಮ್ರದ್ದೋ, ಮನೆಗೆ ಎಷ್ಟು ದೂರ, ಜೊತೆಗೆ ಯಾರು ಹೋಗುತ್ತಿದ್ದರು, ಎಲ್ಲ ಕೇಳಿ ಅಲ್ಲೇ ಬರೆದುಕೋ. ಆ ಹಾಳೆಯ ಒಂದು ಪ್ರತಿ ನನಗೂ ಕಳಿಸು. ನನ್ನ ಕಾರ್ಡಿನ ಮೂಲೆಯನ್ನು ದೊಡ್ಡದು ಮಾಡಿಸಿ ಅಂಚೆಯಲ್ಲಿ ಕಳಿಸುತ್ತಿದ್ದೇನೆ. ಅಜ್ಜಿಗೆ ತೋರಿಸು.